ನಿರಾಮಯ ಕಾರ್ಡು, ಆಫೀಸಿನ ಮೆಡಿಕ್ಲೇಮು ಮತ್ತು ಒಂದು ನೇರಳೆ ಸೀಲು

"ಪೇಷಂಟ್ ಎಷ್ಟು ದಿನ ಅಡ್ಮಿಟ್ ಆಗಿದ್ರು ಮೇಡಂ?"

ಮಗನ ಸ್ಪೀಚ್ ಥೆರಪಿ ಬಿಲ್ಲುಗಳನ್ನು ಮೊದಲ ಸಲ ಮೆಡಿಕ್ಲೇಮಿಗೆ ಕಳಿಸಿದಾಗ ಫೋನಿನಲ್ಲಿ ಬಂದ ಪ್ರಶ್ನೆ ಇದು. ಅವನಿಗೆ ಆಗ ಎರಡೂವರೆ ವರ್ಷ. ಮಾತು ಕಲಿಸಲು ಯಾರಾದರೂ ಮಗುವನ್ನು ಆಸ್ಪತ್ರೆಗೆ ಸೇರಿಸುತ್ತಾರಾ? ನಾನು ಹಾಗೇ ಕೇಳಿಯೂಬಿಟ್ಟೆ. ಆ ಕಡೆಯ ಹುಡುಗ ಪಾಪ ಒಳ್ಳೆಯವನು. "ಇಪ್ಪತ್ನಾಲ್ಕು ಗಂಟೆ ಅಡ್ಮಿಷನ್ ಇಲ್ಲದಿದ್ರೆ ಸಿಸ್ಟಮ್ ತಗೊಳ್ಳಲ್ಲ ಮೇಡಂ" ಅಂದ. ಅವನು ಹೇಳಿದ್ದು ಸರಿಯೇ. ಸಾಮಾನ್ಯ ಮೆಡಿಕ್ಲೇಮಿನ ಕಟ್ಟಡ ನಿಂತಿರುವುದೇ ಹಾಸಿಗೆಯ ಮೇಲೆ. ಮಲಗಿದರೆ ದುಡ್ಡು. ಆಟಿಸಂ ಇರುವ ಮಗು ವಾರಕ್ಕೆ ನಾಲ್ಕು ದಿನ ನಡೆದುಕೊಂಡು ಹೋಗಿ ನಲವತ್ತೈದು ನಿಮಿಷ ಕೂತು ಬರುತ್ತದೆ. ಅದಕ್ಕೆ ಅಲ್ಲಿ ಜಾಗವಿಲ್ಲ.

ಆಗ ನನಗೆ ಸಿಟ್ಟು ಬಂದಿದ್ದಕ್ಕೆ ಕಾರಣವಿತ್ತು. ಅದು 2018. ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿ ಬಂದಿತ್ತು. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು ಅದರ 21ನೇ ಸೆಕ್ಷನ್ ಹೇಳುತ್ತದೆ. 2018ರ ಆಗಸ್ಟ್‌ನಲ್ಲಿ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಕೂಡ ಕಂಪನಿಗಳು ಅದನ್ನು ಪಾಲಿಸಬೇಕು ಎಂದು ಸೂಚನೆ ಕೊಟ್ಟಿತು. ಪೇಪರಿನಲ್ಲಿ ಓದಿ ನಾನು ಕುಣಿದಿದ್ದೆ. ಆದರೆ "ದೇಹದ ಕಾಯಿಲೆಯಂತೆಯೇ" ಅಂದರೆ ಅದೇ ಷರತ್ತು, ಅದೇ ಇಪ್ಪತ್ನಾಲ್ಕು ಗಂಟೆ ಎಂದು ಹೊಳೆದದ್ದು ಆ ಫೋನ್ ಇಟ್ಟ ಮೇಲೆ. ಅದೂ ಅಲ್ಲದೆ ಆಟಿಸಂ ಕಾಯಿಲೆಯೇ ಅಲ್ಲ, ಮಿದುಳು ಬೆಳೆಯುವ ರೀತಿಯೇ ಬೇರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಅದು ಬೇರೆಯಾಗಿಯೇ ಇದೆ. ಒಂದು ಕಾಯ್ದೆಯ ಬಾಗಿಲು ತಟ್ಟಿದೆ, ಬೀಗದ ಕೈ ಇನ್ನೊಂದು ಕಾಯ್ದೆಯ ಹತ್ತಿರ ಇತ್ತು.

ನಿರಾಮಯದ ಬಗ್ಗೆ ಹೇಳಿದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬರು ತಾಯಿ. ನಾವು ಮೈಸೂರಿನವರು. ಇಲ್ಲಿ ಎಲ್ಲರೂ ಆ ಸಂಸ್ಥೆಗೆ 'ಆಯಿಷ್' ಅನ್ನುತ್ತಾರೆ. ಆಯಿಷ್ ಪಕ್ಕದಲ್ಲೇ ಇರುವುದು ಎಂಥ ಅದೃಷ್ಟ ಎಂದು ದೂರದ ಊರುಗಳಿಂದ ಬಂದು ಬಾಡಿಗೆ ಮನೆ ಹಿಡಿದು ಮಗುವಿಗೆ ಮಾತು ಕಲಿಸುತ್ತಿದ್ದ ಅಮ್ಮಂದಿರನ್ನು ನೋಡಿದ ಮೇಲೆ ಗೊತ್ತಾಯಿತು. ಆ ತಾಯಿ ಪರ್ಸಿನಿಂದ ಕಾರ್ಡು ತೆಗೆದು ತೋರಿಸಿ, "ಐನೂರು ರೂಪಾಯಿ ಕಣಮ್ಮ, ಮಾಡಿಸ್ಬಿಡು, ಯೋಚನೆ ಮಾಡ್ಬೇಡ" ಅಂದರು.

ನಿರಾಮಯ ಏನು ಎಂದು ಉದ್ದಕ್ಕೆ ಬರೆಯುವುದಿಲ್ಲ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ. ಸೇರಲು ಎಪಿಎಲ್‌ನವರಿಗೆ 500, ಬಿಪಿಎಲ್‌ನವರಿಗೆ 250. ನವೀಕರಣಕ್ಕೆ 250 ಮತ್ತು 50. ನನಗೆ ಹಿಡಿಸಿದ್ದು ಏನೆಂದರೆ, ಸೇರಿಸುವ ಮೊದಲು ವೈದ್ಯಕೀಯ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿ ಇಲ್ಲ, ಮೊದಲಿಂದ ಇರುವ ಸಮಸ್ಯೆ ಎಂದು ಮುಖ ತಿರುಗಿಸುವುದಿಲ್ಲ. ಬೇರೆ ಕಡೆ ಆಟಿಸಂ ಎಂದ ತಕ್ಷಣ ಏಜೆಂಟರ ದನಿ ಬದಲಾಗುವುದನ್ನು ಕೇಳಿದವರಿಗೆ ಇದರ ಬೆಲೆ ಗೊತ್ತು.

ಇದಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಆಟಿಸಂ ಎಷ್ಟಿದೆ ಎಂದು ಅಳೆಯುವ ಐಸಾ ಎನ್ನುವ ಪಟ್ಟಿ ಹಿಡಿದು ನಲವತ್ತು ಪ್ರಶ್ನೆ ಕೇಳುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ? ಒಬ್ಬನೇ ಇರಲು ಇಷ್ಟಪಡುತ್ತಾನಾ? ಒಂದೊಂದಕ್ಕೂ ಒಂದರಿಂದ ಐದು ಅಂಕ. ನನ್ನ ಮಗನಿಗೆ ಬಂದದ್ದು 92, ಅಂದರೆ ಶೇಕಡಾ 60. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ದಿನವಿಡೀ ಅಂಕಿ ನೋಡುತ್ತೇನೆ. ಈ ಅಂಕಿಯನ್ನು ಮಾತ್ರ ಬಹಳ ದಿನ ನೋಡಲಾಗಲಿಲ್ಲ.

ಕಾರ್ಡು ಮಾಡಿಸುವಾಗ ನಾನೇ ಒಂದು ಪೆದ್ದುತನ ಮಾಡಿದೆ. ಸೇರಿದ್ದು ಡಿಸೆಂಬರಿನಲ್ಲಿ. ಪಾಲಿಸಿ ವರ್ಷ ನಡೆಯುವುದು ಏಪ್ರಿಲ್ ಒಂದರಿಂದ ಮಾರ್ಚ್ 31ಕ್ಕೆ. ಕಾರ್ಡು ಕೈಗೆ ಬಂದು ಖುಷಿ ಆರುವ ಮೊದಲೇ ವರ್ಷ ಮುಗಿಯಿತು! ಬ್ಯಾಂಕಿನವಳಿಗೆ ಹಣಕಾಸು ವರ್ಷ ಯಾವಾಗ ಮುಗಿಯುತ್ತದೆ ಎಂದು ಬೇರೆಯವರು ಹೇಳಿಕೊಡಬೇಕಾಯಿತು. ನೀವು ಹೊಸದಾಗಿ ಸೇರುವುದಾದರೆ ಏಪ್ರಿಲ್ ಶುರುವಾದ ಕೂಡಲೇ ಸೇರಿ.

ಇನ್ನು ಲೆಕ್ಕ. ಆಯಿಷ್ ಸಮಯ ನನ್ನ ಕೆಲಸಕ್ಕೆ ಹೊಂದದೆ ಸಂಜೆ ಖಾಸಗಿ ಸೆಂಟರಿಗೆ ಹಾಕಿದ್ದೆವು. ಸ್ಪೀಚಿಗೆ 600, ಒಟಿಗೆ (ಆಕ್ಯುಪೇಷನಲ್ ಥೆರಪಿ) 700. ವಾರಕ್ಕೆ ಎರಡೆರಡು. ವಾರಕ್ಕೆ 2,600 ಆಯಿತು, ನಾಲ್ಕು ವಾರಕ್ಕೆ 10,400. ನಾನು ಸೇರಿದಾಗಿನ ಪಟ್ಟಿಯಲ್ಲಿ ಥೆರಪಿಗೆ ಇಟ್ಟಿದ್ದು ಎಷ್ಟು ಗೊತ್ತಾ? ಹತ್ತು ಸಾವಿರ. ತಿಂಗಳಿಗಲ್ಲ, ವರ್ಷಕ್ಕೆ. ಒಂದು ಲಕ್ಷದ ದೊಡ್ಡ ಪಾಲು ಆಪರೇಷನ್ನು, ಆಸ್ಪತ್ರೆ ಸೇರುವುದು ಇಂಥದ್ದಕ್ಕೇ. ಏಪ್ರಿಲ್ ಒಂದಕ್ಕೆ ಶುರು ಮಾಡಿದರೆ ಮೇ ಬರುವಷ್ಟರಲ್ಲಿ ಖಾಲಿ. ಆ ಮೊತ್ತ ದುಪ್ಪಟ್ಟಾದರೂ ಜೂನ್ ತಲುಪುವುದಿಲ್ಲ. ನೀವು ಸೇರುವ ವರ್ಷದ ಪಟ್ಟಿ ತೆಗೆದು ನಿಮ್ಮ ಸೆಂಟರಿನ ಫೀಸಿನಿಂದ ಭಾಗಿಸಿ ನೋಡಿ, ಎಷ್ಟು ವಾರ ಬರುತ್ತದೆ ಎಂದು. ಒಂದು ಲಕ್ಷ ಎಂಬ ಅಂಕಿಗಿಂತ ಆ ವಾರಗಳ ಲೆಕ್ಕವೇ ನಿಜವಾದದ್ದು.

ಹಾಗಾದರೆ ಉಳಿದ ಹನ್ನೊಂದು ತಿಂಗಳ ಬಿಲ್ಲು ಯಾಕೆ ಇಟ್ಟುಕೊಳ್ಳಬೇಕು? ನಮ್ಮ ಮನೆಯವರೂ ಇದನ್ನೇ ಕೇಳಿದರು. ಕೆಲಸದ ಚಾಳಿ ಅಂದುಕೊಳ್ಳಿ. ಶನಿವಾರ ರಾತ್ರಿ ಮಗ ಮಲಗಿದ ಮೇಲೆ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಕೂರುತ್ತೇನೆ. ವಾರದ ನಾಲ್ಕು ಬಿಲ್ಲು, ಡಾಕ್ಟರ ಚೀಟಿಯ ಜೆರಾಕ್ಸು, ಗೋಂದು. ಪ್ರತಿ ಬಿಲ್ಲನ್ನೂ ಎ4 ಹಾಳೆಗೆ ಅಂಟಿಸಿ ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಂಬರು. ನಮ್ಮ ಅತ್ತೆ ದೇವರ ಮನೆಯ ಬತ್ತಿ ಹೊಸೆಯುತ್ತಾ ಪಕ್ಕದಲ್ಲಿ ಕೂರುತ್ತಾರೆ. ಅವರದು ಅವರಿಗೆ, ನನ್ನದು ನನಗೆ.

ಬಿಲ್ಲು ಅಂದೆನಲ್ಲ, ಗೋಳು ಇರುವುದೇ ಅಲ್ಲಿ. ಆ ಸೆಂಟರಿನವರು ಬಿಲ್ಲೇ ಕೊಡುತ್ತಿರಲಿಲ್ಲ. "ಫೋನ್‌ಪೇ ಮಾಡಿದೀರಲ್ಲ ಮೇಡಂ, ಅದೇ ಇದೆಯಲ್ಲ" ಅನ್ನುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಒಂದು ರಸೀದಿ ಪುಸ್ತಕ ತಂದಿಟ್ಟರು. ಅದರಲ್ಲಿ "ಥೆರಪಿ ಶುಲ್ಕ" ಎಂದಷ್ಟೇ ಬರೆಯುವುದು, ದಿನಾಂಕ ಇಲ್ಲ, ಮಗುವಿನ ಹೆಸರಿಲ್ಲ. ಯಾವ ದಿನ, ಯಾವ ಥೆರಪಿ, ಯಾರು ಕೊಟ್ಟರು, ಸಹಿ, ಸೀಲು, ಜೊತೆಗೆ ಥೆರಪಿ ಬೇಕು ಎಂದು ಡಾಕ್ಟರ್ ಬರೆದ ಚೀಟಿ. ಇಷ್ಟು ಇಲ್ಲದಿದ್ದರೆ ಯಾವ ವಿಮೆಯಾದರೂ ಕಾಗದ ವಾಪಸು ಬರುತ್ತದೆ. ನಿರಾಮಯಕ್ಕಾದರೆ ಅದೂ ಥೆರಪಿ ಮುಗಿದ ಒಂದು ತಿಂಗಳೊಳಗೆ ಕಳಿಸಿಬಿಡಬೇಕು. ನನ್ನ ಮೊದಲ ಕಂತಿನಲ್ಲಿ ಚೀಟಿಯೇ ಬಿಟ್ಟುಹೋಗಿತ್ತು. ದಿನವೂ ಗ್ರಾಹಕರ ಫಾರಮ್ಮಿನಲ್ಲಿ ತಪ್ಪು ಹುಡುಕುವವಳಿಗೆ ಆದ ಅವಮಾನ ಹೇಳಲಾರೆ.

ಸೆಂಟರಿಗೆ ಸೀಲು ಮಾಡಿಸಿ ಕೊಟ್ಟದ್ದೂ ನಾನೇ. ಮಾಲೀಕರು ಮುಂದಿನ ವಾರ ಮುಂದಿನ ವಾರ ಎಂದಾಗ ದೇವರಾಜ ಅರಸು ರಸ್ತೆಯ ಹತ್ತಿರ ಒಂದು ಅಂಗಡಿಯಲ್ಲಿ ಮಾಡಿಸಿ, ನೇರಳೆ ಇಂಕ್ ಪ್ಯಾಡ್ ಸಮೇತ ಅವರ ಮೇಜಿನ ಮೇಲಿಟ್ಟೆ. ಈ ಇಡೀ ವಿಮೆಯ ವ್ಯವಹಾರದಲ್ಲಿ ನಾನು ಹಾಕಿದ ಅತಿ ಒಳ್ಳೆಯ ದುಡ್ಡು ಅದು. ಯಾಕೆಂದು ಹೇಳುತ್ತೇನೆ.

ನನ್ನ ಮಗ ಕೈಗೆ ಏನೂ ಅಂಟಿಸಿಕೊಳ್ಳುವವನಲ್ಲ. ಅನ್ನ ಬೆರಳಿಗೆ ತಾಗಿದರೆ ಕಿರುಚಾಟ. ಬಣ್ಣ, ಮಣ್ಣು, ಹಿಟ್ಟು ಯಾವುದೂ ಆಗದು. ಒಟಿ ಮಿಸ್ ಒಂದು ದಿನ ಬಿಲ್ಲಿಗೆ ಸೀಲು ಒತ್ತುವಾಗ ಇವನು ಮೇಜಿನ ಅಂಚಿಗೆ ಗಲ್ಲ ಊರಿ ನೋಡುತ್ತಿದ್ದ. ಅವರು ಸೀಲನ್ನು ಅವನ ಕಡೆ ತಿರುಗಿಸಿ ಸುಮ್ಮನೆ ಇಟ್ಟರು. ಅವನು ಹಿಡಿದ. ಪ್ಯಾಡಿಗೆ ಒತ್ತಿ, ಎತ್ತಿ, ಅಡಿಯಲ್ಲಿ ಇಣುಕಿ, ಕಾಗದಕ್ಕೆ ಒತ್ತಿದ. ತಲೆಕೆಳಗಾಗಿ ಬಿತ್ತು. ಹೆಬ್ಬೆರಳಿಗೆ ಇಂಕು ತಾಗಿತ್ತು. ನಾನು ಉಸಿರು ಬಿಗಿ ಹಿಡಿದೆ. ಅವನು ಹೆಬ್ಬೆರಳು ನೋಡಿಕೊಂಡ, ಅದನ್ನೂ ಬಿಲ್ಲಿಗೆ ಒತ್ತಿದ.

ಅಲ್ಲಿಂದ ಸೀಲು ಅವನ ಕೆಲಸ. ಥೆರಪಿ ಮುಗಿದ ಮೇಲೆ ಸೀಲು, ಸೀಲು ಆದ ಮೇಲೆ ಚಪ್ಪಲಿ, ಆಮೇಲೆ ಮನೆ. ಅವನ ಮೊದಲ ಹತ್ತು ಪದಗಳಲ್ಲಿ 'ಸೀಲು' ಇದೆ. 'ಅಪ್ಪ' ಅದರ ನಂತರ ಬಂತು, ನಮ್ಮ ಮನೆಯವರಿಗೆ ಈಗಲೂ ಸ್ವಲ್ಪ ಬೇಜಾರು.

ಆ ತಲೆಕೆಳಗಾದ ಸೀಲುಗಳೊಂದಿಗೇ 2019ರ ಏಪ್ರಿಲ್‌ನ ಬಿಲ್ಲುಗಳು ನಿರಾಮಯಕ್ಕೆ ಹೋದವು. ದುಡ್ಡು ಬಂದ ಮೆಸೇಜು ಕೌಂಟರಿನಲ್ಲಿ ಕೂತಾಗ ಬಂತು. ದೊಡ್ಡ ಮೊತ್ತವೇನಲ್ಲ, ಆದರೆ ಮಗನ ಹೆಸರಿಗೆ ಯಾರೋ ದುಡ್ಡು ಕೊಟ್ಟದ್ದು ಅದೇ ಮೊದಲು. ಆಮೇಲೆ ಹಲ್ಲಿಗೂ ಉಪಯೋಗವಾಯಿತು. ಹಲ್ಲಿನ ಡಾಕ್ಟರ ಹತ್ತಿರ ಆ ಪಟ್ಟಿಯಲ್ಲಿ 2,500ದವರೆಗೆ ಇತ್ತು. ಓಡಾಟಕ್ಕೂ ಸಾವಿರ ಇತ್ತು. ಹೆಚ್ಚಿನವರು ಥೆರಪಿ ಸಾಲು ಮಾತ್ರ ನೋಡಿ ಈ ಚಿಲ್ಲರೆ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ.

2020ರಲ್ಲಿ ಎಲ್ಲ ವಿಡಿಯೋ ಕಾಲ್ ಆಯಿತು. ಬಿಲ್ಲು ವಾಟ್ಸಾಪಿನಲ್ಲಿ ಬರುತ್ತಿತ್ತು. ಕ್ಲಾಸು ಮುಗಿದರೂ ಮಗ ಏಳುತ್ತಿರಲಿಲ್ಲ, ಸೀಲು ಆಗಿಲ್ಲವಲ್ಲ! ಕೊನೆಗೆ ನಮ್ಮವರು 'ಪೇಯ್ಡ್' ಎಂದಿರುವ ಒಂದು ಸೀಲು ತಂದರು. ಅದು ಈಗ ನಮ್ಮ ಮನೆಯ ಕರೆಂಟ್ ಬಿಲ್ಲು, ಹಾಲಿನ ಚೀಟಿ, ಮದುವೆ ಕಾಗದ ಎಲ್ಲದರ ಮೇಲೂ ಇದೆ. ಒಂದು ಸಲ ಪಂಚಾಂಗದ ಮೇಲೂ ಬಿತ್ತು. ಅತ್ತೆ ಏನೂ ಅನ್ನಲಿಲ್ಲ.

ಮುಂದೆ ನಮ್ಮವರು ಕೆಲಸ ಬದಲಿಸಿದರು. ಹೊಸ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಮಕ್ಕಳ ಥೆರಪಿಗೆ ಹೊರರೋಗಿ ಲೆಕ್ಕದಲ್ಲಿ ವರ್ಷಕ್ಕೆ 30,000 ಇತ್ತು, ಅರ್ಧ ನಾವೇ ಕೊಡಬೇಕು. ಇಂಥದ್ದು ಕೆಲವು ಕಂಪನಿಗಳಲ್ಲಿ ಇರುತ್ತದೆ, ಪುಸ್ತಕದ ಕೊನೆಯ ಪುಟಗಳಲ್ಲಿ ಅಡಗಿರುತ್ತದೆ. ಎಚ್‌ಆರ್‌ನವರಿಗೇ ಗೊತ್ತಿರಲಿಲ್ಲ. ಖುಷಿಯಾಗಿ ಕಳಿಸಿದೆ. ವಾಪಸು ಬಂತು: "ಸೀಲು ಸ್ಪಷ್ಟವಾಗಿಲ್ಲ." ಎರಡನೇ ಸಲ ಸ್ಪೀಚ್ ಮಿಸ್ ಅವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರು ಕೇಳಿದರು, ಕೊಟ್ಟೆವು. ಮೂರನೇ ಸಲ ಒಟಿ ಮಿಸ್‌ಗೂ ಅದೇ ನಂಬರು ಬೇಕು ಎಂದರು. ಒಟಿಯವರು ಆರ್‌ಸಿಐ ಪಟ್ಟಿಗೆ ಬರುವವರೇ ಅಲ್ಲ ಎಂದು ಅವರಿಗೆ ಅರ್ಥ ಮಾಡಿಸಲು ಏಳು ಮೇಲ್ ಆಯಿತು. ಹನ್ನೆರಡು ಸಾವಿರಕ್ಕೆ ಏಳು ಮೇಲ್. ನನ್ನ ಸಂಬಳ ಗಂಟೆಗೆ ಎಷ್ಟು ಎಂದು ಒಂದು ಸಲ ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಅಂದಿನಿಂದ ಮಿಸ್ ಎರಡೆರಡು ಬಿಲ್ಲು ಬರೆಯುತ್ತಾರೆ. ಒಂದಕ್ಕೆ ಅವರೇ ನೆಟ್ಟಗೆ ಸೀಲು ಒತ್ತುತ್ತಾರೆ, ಅದು ವಿಮೆಗೆ. ಇನ್ನೊಂದು ಮಗನಿಗೆ. ಅವನ ಫೈಲು ನನ್ನದಕ್ಕಿಂತ ದಪ್ಪ.

ಯಾರೂ ಕೇಳದ ಒಂದು ಮಾತು ಹೇಳಲಾ? ನಮಗೆ ಜಾಸ್ತಿ ದುಡ್ಡು ಉಳಿಸಿದ್ದು ವಿಮೆಯೇ ಅಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಸೆಕ್ಷನ್. ಮಗುವಿಗೆ ಶೇಕಡಾ 40 ಅಥವಾ ಹೆಚ್ಚಿನ ಪ್ರಮಾಣಪತ್ರ ಇದ್ದರೆ ತೆರಿಗೆ ಲೆಕ್ಕದ ಆದಾಯದಿಂದ 75,000 ಕಳೆಯಬಹುದು, 80 ಮುಟ್ಟಿದರೆ 1,25,000. ಆಟಿಸಂಗೆ ಆ ಕಾಯ್ದೆಯಲ್ಲಿ ಫಾರಂ 10-ಐಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕಿತ್ತು. ಖರ್ಚಿನ ಬಿಲ್ಲು ಒಂದೊಂದಾಗಿ ಕೂಡಿಸಬೇಕಿಲ್ಲ, ಸೀಲು ನೆಟ್ಟಗಿದೆಯಾ ಎಂದು ಯಾರೂ ನೋಡುವುದಿಲ್ಲ. ನಮ್ಮವರು 20 ಪರ್ಸೆಂಟ್ ತೆರಿಗೆಯ ಹಂತದಲ್ಲಿದ್ದಾಗ ಸೆಸ್ ಸೇರಿ 15,600 ಉಳಿಯಿತು. ಥೆರಪಿಯ ಆ ಹತ್ತು ಸಾವಿರಕ್ಕಿಂತ ಹೆಚ್ಚು. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಇದು ಇಲ್ಲ. ಆಫೀಸಿನಲ್ಲಿ ಹೊಸದಕ್ಕೆ ಟಿಕ್ ಹಾಕುವ ಮೊದಲು ಎರಡೂ ಲೆಕ್ಕ ಹಾಕಿಸಿ.

ನಿರಾಮಯ ನಾನು ಬಿಟ್ಟಿಲ್ಲ. 250 ರೂಪಾಯಿಗೆ ಎರಡು ಮಸಾಲೆ ದೋಸೆ, ಎರಡು ಕಾಫಿ ಬರಬಹುದು. ಅದರಲ್ಲಿ ನಾಲ್ಕು ವಾರದ ಥೆರಪಿ ಬಂದರೆ ಬೇಡ ಅನ್ನಲು ನಾನು ಯಾರು? ಆದರೆ ಇದನ್ನು ನಂಬಿ ಸೆಂಟರಿಗೆ ಸೇರಿಸಬೇಡಿ. ತಿಂಗಳ ಹತ್ತು ಸಾವಿರ ನಿಮ್ಮ ಜೇಬಿನಿಂದಲೇ ಎಂದುಕೊಂಡು ಸೇರಿಸಿ. ಆಗದಿದ್ದರೆ ವಾರಕ್ಕೆ ಎರಡೇ ಸಲ ಹೋಗಿ, ಉಳಿದದ್ದು ಮನೆಯಲ್ಲಿ ಮಾಡಿಸುವುದನ್ನು ಕಲಿತುಕೊಳ್ಳಿ. ನಾವು ಮಾಡಿದ್ದೂ ಅದೇ.

ಈಚೆಗೆ ಸೆಂಟರಿನಲ್ಲಿ ಕಂಪ್ಯೂಟರ್ ಬಿಲ್ಲು ಬಂದಿದೆ. ದಿನಾಂಕ, ಹೆಸರು, ನಂಬರು ಎಲ್ಲ ಅಚ್ಚುಕಟ್ಟು. ಕೆಳಗೆ ಸಣ್ಣಕ್ಷರದಲ್ಲಿ 'ಸಹಿ, ಸೀಲು ಅಗತ್ಯವಿಲ್ಲ' ಎಂದಿದೆ. ನಾನು ಇಷ್ಟು ವರ್ಷ ಕೇಳಿದ್ದು ಇದನ್ನೇ. ಮಗ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದ, ಮಿಸ್ ಮುಖ ನೋಡಿದ. ಮನೆಗೆ ಬಂದವನೇ ತನ್ನ ಡಬ್ಬಿ ತೆರೆದು ಆ ಸಣ್ಣಕ್ಷರದ ಮೇಲೆಯೇ 'ಪೇಯ್ಡ್' ಎಂದು ಒತ್ತಿದ. ಈ ಸಲ ನೆಟ್ಟಗೇ ಬಿದ್ದಿದೆ. ಹಾಗೇ ಕಳಿಸಿದ್ದೇನೆ. ಕ್ಲೇಮು ಇನ್ನೂ ಪರಿಶೀಲನೆಯಲ್ಲಿದೆ.