ಪಾಚಿ ತಡೆಯೋಕೆ ಯಾವುದು ವಾಸಿ: ಸಿಲಿಂಡರ್ ಗ್ಯಾಸೋ, ಲಿಕ್ವಿಡ್ ಕಾರ್ಬನ್ನೋ, ತೇಲುವ ಗಿಡವೋ?

ಗಿಡ ಬೆಳೆಸುವ ಮೂರು ಮೀನಿನ ಟ್ಯಾಂಕ್, ಒಂದೊಂದೂ 60 ಲೀಟರ್‌ನದ್ದು. ಮೂರಕ್ಕೂ ಒಂದೇ ತರದ ಎಲ್‌ಇಡಿ ದೀಪ, ದಿನಕ್ಕೆ 8 ಗಂಟೆ. ತಳಕ್ಕೆ ಮರಳು, ಬೇರಿನ ಪಕ್ಕ ಹುಗಿದ ಗೊಬ್ಬರದ ಗುಳಿಗೆ. ಗಿಡಗಳೂ ಒಂದೇ: ಅನೂಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ, ರೊಟಾಲಾ. ಪ್ರತಿ ಟ್ಯಾಂಕಿಗೆ 8 ಸಣ್ಣ ಟೆಟ್ರಾ ಮೀನು. ಶುರುವಿನಲ್ಲಿ ಬೇರೆ ಮಾಡಿದ್ದು ಒಂದೇ ಒಂದು ವಿಷಯ, ಗಿಡಕ್ಕೆ ಇಂಗಾಲ ಎಲ್ಲಿಂದ ಸಿಗಬೇಕು ಅನ್ನೋದು. ಒಂದನೇದಕ್ಕೆ ಸಿಲಿಂಡರ್ ಗ್ಯಾಸ್ (ಅಂದರೆ ಇಂಗಾಲದ ಡೈಆಕ್ಸೈಡ್), ಎರಡನೇದಕ್ಕೆ ದಿನಾ ಲಿಕ್ವಿಡ್ ಕಾರ್ಬನ್ ಅನ್ನೋ ಬಾಟಲಿ ದ್ರವ, ಮೂರನೇದಕ್ಕೆ ಏನೂ ಇಲ್ಲ, ಮೇಲೆ ಒಂದು ಹಿಡಿ ಸಾಲ್ವೀನಿಯಾ ತೇಲಿಬಿಟ್ಟೆ. ಒಂದು ವರ್ಷ ನೋಡಿದೆ.

ಇಂಗಾಲದ ಮೇಲೇ ಯಾಕೆ ಕಣ್ಣಿಟ್ಟೆ ಅಂದರೆ, ನೀರೊಳಗಿನ ಗಿಡಕ್ಕೆ ಮೊದಲು ಕೊರತೆ ಆಗೋದು ಹೆಚ್ಚಾಗಿ ಅದೇ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವ ವೇಗ ಸುಮಾರು 10,000 ಪಟ್ಟು ಕಮ್ಮಿ. ದೀಪ ಜೋರಾಗಿದ್ದು ಇಂಗಾಲ ಸಿಗದಿದ್ದರೆ ಗಿಡ ಸುಮ್ನೆ ನಿಂತುಬಿಡುತ್ತದೆ. ಹಳೇ ಎಲೆ ಸೊರಗುತ್ತದೆ. ಅಂಥ ಎಲೆಯ ಮೇಲೇ ಪಾಚಿ ಮೊದಲು ಕೂರುತ್ತದೆ.

ಮೊದಲ ಮೂರು ವಾರ ಮೂರರಲ್ಲೂ ಕಂದು ಪುಡಿಯಂಥ ಪಾಚಿ ಬಂತು. ಗಾಜು, ಮರಳು, ಎಲೆ ಎಲ್ಲದರ ಮೇಲೂ. ಹೊಸ ಟ್ಯಾಂಕಿನಲ್ಲಿ ಇದು ಸಾಮಾನ್ಯ. ಒರೆಸಿದೆ, ನೀರು ಬದಲಿಸಿದೆ, ತಾನಾಗೇ ಹೋಯಿತು. ಇದನ್ನು ಕಂಡು ಗಾಬರಿಯಾಗಿ ಔಷಧಿ ಸುರಿಯಬೇಡಿ.

ಆಮೇಲೆ ಮೂರೂ ಮೂರು ದಾರಿ ಹಿಡಿದವು.

ಸಿಲಿಂಡರ್ ಟ್ಯಾಂಕಿನ ಬೆಳವಣಿಗೆ ನೋಡೋಕೆ ನಿಜಕ್ಕೂ ಖುಷಿ. ಹೈಗ್ರೊಫಿಲಾ ವಾರಕ್ಕೊಮ್ಮೆ ಕತ್ತರಿ ಕೇಳುತ್ತಿತ್ತು. ರೊಟಾಲಾದ ತುದಿ ಕೆಂಪಗಾಗಿದ್ದು ಇದೊಂದರಲ್ಲೇ. ದೀಪ ಹೊತ್ತುವ ಎರಡು ಗಂಟೆ ಮೊದಲು ಗ್ಯಾಸ್ ಶುರು, ದೀಪ ಆರುವಾಗ ಬಂದ್. ರಾತ್ರಿ ಗಿಡಕ್ಕೆ ಅದು ಬೇಡ, ಬಿಟ್ಟರೆ ಮೀನಿಗೇ ಕಷ್ಟ. ಲೀಟರ್‌ಗೆ 30 ಮಿಲಿಗ್ರಾಂ ಆಸುಪಾಸು ಇಡೋದು ವಾಡಿಕೆ. ಅದಕ್ಕೆ ಟ್ಯಾಂಕಿನೊಳಗೆ ಡ್ರಾಪ್ ಚೆಕರ್ ನೇತುಹಾಕಿದ್ದೆ. ನೀಲಿ ಇದ್ದರೆ ಗ್ಯಾಸ್ ಸಾಲದು, ಹಸಿರಿದ್ದರೆ ಸರಿ, ಹಳದಿ ಆದರೆ ಅಪಾಯ. ಆದರೆ ಅದರ ಬಣ್ಣ ಬದಲಾಗೋಕೆ ಒಂದೆರಡು ಗಂಟೆ ಬೇಕು.

ಆ ಒಂದೆರಡು ಗಂಟೆ ಎಷ್ಟು ದೊಡ್ಡದು ಅಂತ ಏಳನೇ ತಿಂಗಳಲ್ಲಿ ಗೊತ್ತಾಯಿತು. ಸಿಲಿಂಡರ್ ಖಾಲಿಯಾಗುತ್ತಾ ಬಂದಿತ್ತು. ಒಳಗಿನ ಒತ್ತಡ ಇಳಿದಾಗ ಕೆಲವು ರೆಗ್ಯುಲೇಟರ್‌ಗಳು ಹಿಡಿತ ತಪ್ಪಿ, ಉಳಿದ ಗ್ಯಾಸನ್ನು ಒಮ್ಮೆಲೇ ಬಿಟ್ಟುಬಿಡುತ್ತವೆ. ನಂದೂ ಹಾಗೇ ಮಾಡಿತು. ಬೆಳಿಗ್ಗೆ ನೋಡಿದರೆ ಎಲ್ಲ ಮೀನೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಚೆಕರ್ ಇನ್ನೂ ತಿಳಿಹಸಿರು. ಗ್ಯಾಸ್ ಬಂದ್ ಮಾಡಿ, ಅರ್ಧ ನೀರು ಬದಲಿಸಿ, ಏರ್ ಪಂಪ್ ಹಾಕಿದೆ. ಆರು ಉಳಿದವು, ಎರಡು ಹೋದವು. ಗ್ಯಾಸ್ ಹಾಕುವವರಿಗೆ ನನ್ನ ಕೋರಿಕೆ ಇದೊಂದೇ: ಮೀಟರ್ ಮುಳ್ಳು ಇಳಿಯೋಕೆ ಶುರುವಾದ ದಿನವೇ ಸಿಲಿಂಡರ್ ಬದಲಿಸಿ, ಪೂರ್ತಿ ಖಾಲಿಯಾಗಲಿ ಅಂತ ಕಾಯಬೇಡಿ.

ಗ್ಯಾಸ್ ಹಾಕಿದರೆ ಪಾಚಿ ಬರಲ್ಲ ಅನ್ನೋ ಮಾತು ಪೂರ್ತಿ ನಿಜವಲ್ಲ. ಗಿಡ ಬೇಗ ಬೆಳೆದಷ್ಟೂ ಗೊಬ್ಬರ ಬೇಗ ಮುಗಿಯುತ್ತದೆ. ಎರಡನೇ ತಿಂಗಳಲ್ಲಿ ಅನೂಬಿಯಾಸ್ ಎಲೆ ಮೇಲೆ, ಗಾಜಿನ ಮೇಲೆ, ಉಗುರಲ್ಲಿ ಕೆರೆದರೂ ಬಾರದ ಗಟ್ಟಿ ಹಸಿರು ಚುಕ್ಕೆ ಕೂತವು. ಫಾಸ್ಫೇಟ್ ಕಮ್ಮಿ ಇದ್ದರೆ ಹೀಗಾಗೋದುಂಟು. ಪಾಚಿಗೆ ಹೆದರಿ ನಾನೇ ಗೊಬ್ಬರ ಕಡಿಮೆ ಮಾಡಿದ್ದೆ! ನೈಟ್ರೇಟ್, ಫಾಸ್ಫೇಟ್, ಪೊಟ್ಯಾಸಿಯಂ, ಕಬ್ಬಿಣ ಎಲ್ಲವನ್ನೂ ಅಳತೆಯಂತೆ ಹಾಕಿ, ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿದ ಮೇಲೆ ಹೊಸ ಎಲೆಗಳು ಚೊಕ್ಕಟವಾಗಿ ಬಂದವು. ಹಳೇ ಎಲೆಗಳನ್ನು ಕತ್ತರಿಸಲೇಬೇಕಾಯಿತು.

ಲಿಕ್ವಿಡ್ ಕಾರ್ಬನ್ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಸಿಲಿಂಡರ್ ರಗಳೆ ಇಲ್ಲ, ದಿನಾ ಒಂದಿಷ್ಟು ಹನಿ, ಅಷ್ಟೇ ಅಲ್ವಾ? ಆದರೆ ಆ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರೋದು ಗ್ಲುಟರಾಲ್ಡಿಹೈಡ್ ಜಾತಿಯ ರಾಸಾಯನಿಕ. ಆಸ್ಪತ್ರೆಯಲ್ಲಿ ಉಪಕರಣಗಳ ಸೋಂಕು ತೆಗೆಯೋಕೆ ಬಳಸುವಂಥದ್ದು. ಹೆಸರು ಕಾರ್ಬನ್, ಕೆಲಸ ಮಾತ್ರ ಪಾಚಿ ಕೊಲ್ಲೋದು. ನನ್ನ ಟ್ಯಾಂಕಿನಲ್ಲಿ ಪಾಚಿ ಕಡಿಮೆಯಾಗಿದ್ದು ನಿಜ, ಗಿಡದ ಬೆಳವಣಿಗೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹತ್ತೇ ದಿನದಲ್ಲಿ ವ್ಯಾಲಿಸ್ನೇರಿಯಾ ಗಾಜಿನಂತೆ ತೆಳ್ಳಗಾಗಿ ಕರಗಿಹೋಯಿತು. ಅದಕ್ಕೆ ಈ ದ್ರವ ಆಗಿಬರಲ್ಲ, ಕೆಲವು ಪಾಚಿಗಿಡಗಳಿಗೂ, ಅಂದರೆ ಮಾಸ್‌ಗೂ ಆಗಿಬರಲ್ಲ. ಅಳತೆ ಜಾಸ್ತಿಯಾದರೆ ಸಿಗಡಿ, ಮೀನು ಎರಡಕ್ಕೂ ಅಪಾಯ. ನಿಮ್ಮ ಕೈಗೂ ಒಳ್ಳೇದಲ್ಲ, ಗ್ಲೌಸ್ ಹಾಕಿಕೊಳ್ಳಿ. ಇನ್ನೊಂದು ವಿಷಯ. ಒಂದು ವಾರ ಊರಲ್ಲಿ ಇರಲಿಲ್ಲ, ದ್ರವ ಹಾಕುವವರಿಲ್ಲ. ವಾಪಸ್ ಬರುವಷ್ಟರಲ್ಲಿ ಕೂದಲಿನಂಥ ಹಸಿರು ಪಾಚಿ ರೊಟಾಲಾವನ್ನು ಸುತ್ತಿಕೊಂಡಿತ್ತು. ಪಾಚಿಯ ಕಾರಣ ಹಾಗೇ ಉಳಿದಿತ್ತು, ದ್ರವ ಅದನ್ನು ದಿನದಿನಕ್ಕೆ ಅದುಮಿಟ್ಟಿತ್ತು ಅಷ್ಟೆ.

ಮೂರನೇದರ ಮೇಲೆ ನನಗೆ ಆಸೆಯೇ ಇರಲಿಲ್ಲ. ಮೊದಲ ಎರಡು ತಿಂಗಳು ಅದೇ ಎಲ್ಲಕ್ಕಿಂತ ಕೊಳಕು. ಆಮೇಲೆ ದೀಪವನ್ನು 8ರಿಂದ 6 ಗಂಟೆಗೆ ಇಳಿಸಿದೆ, ಅಷ್ಟರಲ್ಲಿ ಸಾಲ್ವೀನಿಯಾ ಅರ್ಧ ಮೇಲ್ಮೈ ತುಂಬಿತ್ತು. ಇಲ್ಲೇ ನೋಡಿ ಸೊಗಸು. ತೇಲುವ ಗಿಡದ ಎಲೆ ಇರೋದು ಗಾಳಿಯಲ್ಲಿ. ನೀರೊಳಗಿನ ಗಿಡ ಪರದಾಡುವ ಇಂಗಾಲ ಅದಕ್ಕೆ ಧಾರಾಳ. ಹೀರುವುದು ಮಾತ್ರ ನಮ್ಮ ನೀರಿನಿಂದ: ಮೀನಿನ ಕಸದಿಂದ ಬರುವ ಅಮೋನಿಯಾ, ನೈಟ್ರೇಟ್, ಫಾಸ್ಫೇಟ್. ಜೊತೆಗೆ ಕೆಳಗೆ ನೆರಳು. ನೆರಳಲ್ಲಿ ಬೆಳೆಯುವ ಅನೂಬಿಯಾಸ್, ಜಾವಾ ಫರ್ನ್‌ಗೆ ಇದೇ ಹಿತ. ಮೂರನೇ ತಿಂಗಳಿಂದ ಗಾಜು ಒರೆಸುವ ಕೆಲಸ ಹದಿನೈದು ದಿನಕ್ಕೊಮ್ಮೆ ಸಾಕಾಯಿತು.

ಇದಕ್ಕೂ ತೊಂದರೆ ಇದೆ. ಒಮ್ಮೆ ಸಾಲ್ವೀನಿಯಾ ತೆಗೆಯದೆ ಬಿಟ್ಟೆ. ಮೇಲ್ಮೈ ಪೂರ್ತಿ ಮುಚ್ಚಿತು, ಪರೀಕ್ಷೆ ಮಾಡಿದರೆ ನೈಟ್ರೇಟ್ ಸೊನ್ನೆ. ಮರಳ ಮೇಲೆ ನೀಲಿಹಸಿರು ಲೋಳೆ ಹಾಳೆಯಂತೆ ಹರಡಿ ಕಮಟು ವಾಸನೆ ಹೊಡೆಯಿತು. ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಕೈಲಾದಷ್ಟು ಹೀರಿ ತೆಗೆದು, ಮೂರು ದಿನ ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ ಕತ್ತಲು ಮಾಡಿ, ಏರ್ ಪಂಪ್ ಓಡಿಸಿ, ಆಮೇಲೆ ಸ್ವಲ್ಪ ಪೊಟ್ಯಾಸಿಯಂ ನೈಟ್ರೇಟ್ ಹಾಕಿದೆ. ಈಗ ಏರ್ ಪೈಪಿನ ತುಂಡನ್ನು ಬಳೆಯಂತೆ ಜೋಡಿಸಿ ತೇಲಿಬಿಟ್ಟಿದ್ದೇನೆ, ಸಾಲ್ವೀನಿಯಾ ಅದರ ಹೊರಗೆ ಇರುತ್ತದೆ. ವಾರಕ್ಕೊಂದು ಹಿಡಿ ಎತ್ತಿ ಹಾಕಬೇಕು. ಅದನ್ನು ಕೆರೆ ಕಾಲುವೆಗೆ ಮಾತ್ರ ಎಸೆಯಬೇಡಿ, ಕೆರೆಯನ್ನೇ ಮುಚ್ಚಿಬಿಡುತ್ತದೆ.

ಬ್ರಷ್ಷಿನಂಥ ಕಪ್ಪು ಗಡ್ಡದ ಪಾಚಿ ಮಾತ್ರ ಮೂರರಲ್ಲೂ ಬಂತು, ಅನೂಬಿಯಾಸ್ ಎಲೆಯ ಅಂಚಿನಲ್ಲಿ. ಅದಕ್ಕೊಂದು ಸಣ್ಣ ಪಂದ್ಯ ಇಟ್ಟೆ. ಎರಡು ಗಿಡ ನೀರಿಂದ ತೆಗೆದು, ಒಂದರ ಪಾಚಿಗೆ ಲಿಕ್ವಿಡ್ ಕಾರ್ಬನ್, ಇನ್ನೊಂದಕ್ಕೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಬ್ರಷ್‌ನಲ್ಲಿ ಹಚ್ಚಿ, ಐದು ನಿಮಿಷ ಬಿಟ್ಟು, ತೊಳೆದು ವಾಪಸ್ ಇಟ್ಟೆ. ಎರಡರ ಮೇಲಿನ ಪಾಚಿಯೂ ನಾಲ್ಕೈದು ದಿನದಲ್ಲಿ ಕೆಂಪಾಗಿ ಸತ್ತಿತು. ನನ್ನ ಮತ ಪೆರಾಕ್ಸೈಡಿಗೆ. ಅದು ಕೊನೆಗೆ ನೀರು, ಆಮ್ಲಜನಕ ಆಗಿ ಒಡೆದುಹೋಗುತ್ತದೆ. ಆದರೆ ಫಿಲ್ಟರ್ ಸ್ಪಂಜು ತೊಳೆದು ನೀರಿನ ಹರಿವು ಸರಿಮಾಡುವವರೆಗೂ ಪಾಚಿ ಮತ್ತೆ ಮತ್ತೆ ಹುಟ್ಟಿತು.

ಪಾಚಿ ತಿನ್ನುವ ಜೀವಿಗಳಲ್ಲಿ ಅಮಾನೋ ಸಿಗಡಿ ಕೂದಲು ಪಾಚಿಗೆ ಚೆನ್ನ, ನೆರೈಟ್ ಬಸವನಹುಳು ಗಾಜಿಗೆ ಚೆನ್ನ. ಬಸವನಹುಳು ಅಲ್ಲಲ್ಲಿ ಬಿಳಿ ಮೊಟ್ಟೆ ಅಂಟಿಸುತ್ತದೆ, ಸಿಹಿನೀರಲ್ಲಿ ಅವು ಮರಿಯಾಗಲ್ಲ.

ಕೆಂಪು ರೊಟಾಲಾ, ದಟ್ಟ ಹಸಿರು ಹಾಸು ಬೇಕು ಅನ್ನುವವರಿಗೆ ಗ್ಯಾಸ್ ಬೇಕೇ ಬೇಕು, ದಿನಾ ಗಮನ ಕೊಡೋಕೆ ಆಗುವುದಾದರೆ. ಹೊಸಬರು ಯಾರು ಕೇಳಿದರೂ ನಾನು ಮೂರನೇ ಟ್ಯಾಂಕನ್ನೇ ತೋರಿಸುತ್ತೇನೆ. ಎರಡನೇದರಲ್ಲಿ ಬಾಟಲಿ ನಿಲ್ಲಿಸಿ, ದೀಪ 6 ಗಂಟೆಗೆ ಇಳಿಸಿ, ಒಂದು ಹಿಡಿ ಸಾಲ್ವೀನಿಯಾ ಬಿಟ್ಟು ಈಗ ಎರಡು ತಿಂಗಳು. ಮರಳಲ್ಲಿ ಉಳಿದಿದ್ದ ವ್ಯಾಲಿಸ್ನೇರಿಯಾದ ಒಂದು ಬುಡದಿಂದ ಬಳ್ಳಿ ಹರಿದು ಮೂರು ಮರಿ ಎದ್ದಿವೆ.