ನರಕದ ಬಗ್ಗೆ ಕ್ಲಾಸ್, ಕಾಫಿ ಸಮೇತ: ಐದಕ್ಕೆ ಮೂರೂವರೆ ಸ್ಟಾರ್

ಬೆಂಗಳೂರಿನ ಫ್ರೇಜರ್ ಟೌನ್ ಕಡೆ ಒಂದು ಚರ್ಚ್ ಹಾಲಲ್ಲಿ ಶನಿವಾರ ಸಂಜೆ ನಡಿಯೋ ಕ್ಲಾಸ್ ಇದು, ಟಾಪಿಕ್ಕು ದೇವರು ಅಷ್ಟು ಪ್ರೀತಿಸೋನಾದ್ರೆ ನರಕ ಯಾಕಿದೆ ಅಂತ. ಫೀಸ್ 500 ರೂಪಾಯಿ, ಅದ್ರಲ್ಲೇ ಜೆರಾಕ್ಸ್ ನೋಟ್ಸು, ಕಾಫಿ, ಬನ್ನು ಎಲ್ಲಾ ಬಂತು. ಕ್ರಿಶ್ಚಿಯನ್ಸೇ ಆಗಿರ್ಬೇಕು ಅಂತೇನಿಲ್ಲ, ನಮ್ದು ಬಸವನಗುಡಿ ಮಾಧ್ವರ ಮನೆ, ಆಫೀಸಲ್ಲಿ ಪಕ್ಕದ ಸೀಟಿನವನು ಬಾರೋ ಅಂತ ಎಳ್ಕೊಂಡು ಹೋದ, ಯಾರೂ ಏನೂ ಕೇಳ್ಲಿಲ್ಲ. ಪಾಠ ಮಾಡೋದು ಒಬ್ಬ ಪಾಸ್ಟರ್, ಕನ್ನಡದಲ್ಲೇ, ಮಧ್ಯೆ ತಮಿಳು ಇಂಗ್ಲಿಷ್ ನುಗ್ಗುತ್ತೆ, ಆ ಏರಿಯಾದಲ್ಲಿ ನುಗ್ಗದೆ ಇನ್ನೇನು.

ಮೊದಲನೇ ಕ್ಲಾಸ್ ತಪ್ಪಿಸ್ಕೊಂಡ್ರೂ ನಷ್ಟ ಇಲ್ಲ, ಬರೀ ಬೈಬಲ್ ವಚನಗಳನ್ನ ಓದಿಸೋದು. ಪ್ರಕಟನೆ 20ರಲ್ಲಿ ಬರೋ ಬೆಂಕಿಯ ಕೆರೆ ಓದ್ತಿದ್ದ ಹಾಗೇ ಹಿಂದಿನ ಬೆಂಚಿಂದ ಯಾರೋ "ಬೆಳ್ಳಂದೂರು" ಅಂದ್ರು (ಬೆಂಕಿ ಹತ್ಕೊಂಡು ಸುದ್ದಿಯಾದ ನಮ್ಮ ಬೆಂಗಳೂರಿನ ಕೆರೆ), ಪಾಸ್ಟರೂ ನಕ್ಕುಬಿಟ್ರು.

ದುಡ್ಡು ವಸೂಲಾಗಿದ್ದು ಎರಡನೇ ಕ್ಲಾಸಲ್ಲಿ. ಬೋರ್ಡ್ ಮೇಲೆ ಎರಡೇ ವಚನ ಬರೆದ್ರು. ಒಂದು, ಒಂದನೇ ತಿಮೊಥೆಯ 2:4, ಎಲ್ಲರೂ ರಕ್ಷಣೆ ಹೊಂದ್ಬೇಕು ಅನ್ನೋದೇ ದೇವರ ಇಷ್ಟ ಅಂತ. ಇನ್ನೊಂದು ಮತ್ತಾಯ 25:46, ಕೆಲವರಿಗೆ ನಿತ್ಯ ಶಿಕ್ಷೆ ಅಂತ. ಎರಡೂ ನಿಜ ಆಗೋದು ಹೇಗೆ ಹೇಳಿ ಅಂತ ನಮ್ಮನ್ನೇ ಕೇಳಿದ್ರು. ಆಮೇಲೆ ಹಳೇ ಉತ್ತರಗಳು ಒಂದೊಂದಾಗಿ ಬಂದ್ವು. ಅಪಾರನಾದ ದೇವರ ವಿರುದ್ಧ ಮಾಡಿದ ಪಾಪ, ಅದಕ್ಕೆ ಶಿಕ್ಷೆನೂ ಅಪಾರ, ಇದು ಮಧ್ಯಯುಗದ ಕ್ರೈಸ್ತ ಪಂಡಿತರಾದ ಅನ್ಸೆಲ್ಮ್, ಅಕ್ವಿನಾಸ್ ಕಾಲದಿಂದ ಇರೋ ವಾದ, ಯಾರಿಗೂ ಹಿಡಿಸ್ಲಿಲ್ಲ, ಪಾಸ್ಟರ್‌ಗೂ ಅಷ್ಟೊಂದು ನಂಬ್ಕೆ ಇದ್ದಂಗೆ ಕಾಣ್ಲಿಲ್ಲ. ಅವರಿಗೆ ಇಷ್ಟ ಆದ ಉತ್ತರ ಬೇರೆ: ದೇವರು ಯಾರನ್ನೂ ತಳ್ಳಲ್ಲ, ಬಲವಂತ ಮಾಡಿದ್ರೆ ಅದು ಪ್ರೀತಿನೇ ಅಲ್ಲ, ಅಪ್ಪ ಬಾಗಿಲು ತೆಗೆದಿಟ್ಟಿದಾನೆ, ಮಗನೇ ಬರಲ್ಲ ಅಂತಾನೆ, ಆ ಬರದೇ ಇರೋದೇ ನರಕ. ಪೋಪ್ ಎರಡನೇ ಜಾನ್ ಪಾಲ್ 1999ರಲ್ಲಿ ನರಕ ಅಂದ್ರೆ ಒಂದು ಜಾಗ ಅನ್ನೋದಕ್ಕಿಂತ ತಾನಾಗೇ ದೇವರಿಂದ ದೂರ ಹೋದವರ ಸ್ಥಿತಿ ಅಂತ ಹೇಳಿದ್ದನ್ನೂ ಸೇರಿಸಿದ್ರು.

ಆಗ ಮುಂದೆ ಕೂತಿದ್ದ ಒಬ್ಬ ಆಂಟಿ ಎದ್ದು ಕೇಳಿದ್ರು ನೋಡಿ, "ಅಲ್ಲ ಪಾಸ್ಟರೇ, ಮಗ ಸತ್ತ ದಿನ ಆ ಬಾಗಿಲು ಯಾಕೆ ಮುಚ್ಚುತ್ತೆ? ನಾನಾಗಿದ್ರೆ ಮುಚ್ಚಲ್ಲಪ್ಪ." ಹಾಲ್ ಗಪ್‌ಚುಪ್. ನನ್ನ ಪ್ರಕಾರ ಇಡೀ ಕೋರ್ಸಿನ ಪ್ರಶ್ನೆ ಇದೊಂದೇ. ಮನುಷ್ಯನ ಸ್ವಾತಂತ್ರ್ಯ ಅನ್ನೋದು ಅಲ್ಲಿಗೆ ಯಾಕೆ ಹೋಗ್ತಾರೆ ಅಂತ ಹೇಳುತ್ತೆ, ಯಾಕೆ ವಾಪಸ್ ಬರೋಕಾಗಲ್ಲ ಅಂತ ಹೇಳಲ್ಲ. ಇಬ್ರಿಯ 9:27 ತೋರಿಸಿದ್ರು, ಒಂದೇ ಸಲ ಸಾವು ಆಮೇಲೆ ತೀರ್ಪು. ಸತ್ತ ಮೇಲೆ ಮನಸ್ಸು ಬದಲಾಗಲ್ಲ, ಹಾಗೇ ಗಟ್ಟಿಯಾಗುತ್ತೆ ಅನ್ನೋ ಅಕ್ವಿನಾಸ್ ಮಾತೂ ಹೇಳಿದ್ರು. ಸರಿ, ಆದ್ರೆ ಬದಲಾಗದೇ ಇರೋ ಹಾಗೆ ಮನಸ್ಸನ್ನ ಮಾಡಿದ್ದು ಯಾರು? ಅಲ್ಲಿಗೆ ಕಾಫಿ ಬ್ರೇಕ್ ಕೊಟ್ಬಿಟ್ರು.

ನಂಗೆ ಶಾಶ್ವತ ನರಕ ಹೊಸ ಮಾತಲ್ಲ. ಮಧ್ವಾಚಾರ್ಯರು ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಅಂತ ಮೂರು ತರ ಹೇಳ್ತಾರೆ, ಕೊನೇವರಿಗೆ ಅಂಧಂತಮಸ್ಸು, ಅಂದ್ರೆ ಕಗ್ಗತ್ತಲ ನರಕ, ಅಲ್ಲಿಂದ ವಾಪಸ್ ಬರೋದು ಇಲ್ಲವೇ ಇಲ್ಲ. ಆದ್ರೆ ನಮ್ಮಲ್ಲಿ ಜೀವಾತ್ಮನ ಸ್ವಭಾವ ಅನಾದಿ, ದೇವರು ಮಾಡಿ ಕೊಟ್ಟಿದ್ದಲ್ಲ. ಕ್ರಿಶ್ಚಿಯನ್ನರಲ್ಲಿ ಏನೂ ಇಲ್ಲದೇ ಇದ್ದಿದ್ರಿಂದ ಎಲ್ರನ್ನೂ ಸೃಷ್ಟಿ ಮಾಡಿದ್ದೂ ಅವನೇ, ಎಲ್ರೂ ಬೇಕು ಅನ್ನೋನೂ ಅವನೇ, ಹಾಗಾಗಿ ಸ್ವಭಾವ ದೇವರು ಕೊಟ್ಟಿದ್ದಲ್ಲ ಅಂತ ತಪ್ಪಿಸ್ಕೊಳ್ಳೋ ದಾರಿ ಬಂದ್. ಬ್ರೇಕಲ್ಲಿ ಇದನ್ನ ಹೇಳಿದ್ರೆ ಪಾಸ್ಟರ್ ನೋಟ್ ಬುಕ್ ತೆಗೆದು ಬರ್ಕೊಂಡ್ರು, ಅದಕ್ಕೇ ಅರ್ಧ ಸ್ಟಾರ್ ಎಕ್ಸ್ಟ್ರಾ.

ಕೊನೇ ಕ್ಲಾಸ್ ಹಿಸ್ಟರಿ, ಇದನ್ನ ಮಿಸ್ ಮಾಡ್ಬೇಡಿ. ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಒರಿಜೆನ್ ಅನ್ನೋ ಕ್ರೈಸ್ತ ಪಂಡಿತ, ಶಿಕ್ಷೆ ಅನ್ನೋದು ವಾಸಿ ಮಾಡೋಕೆ, ಕೊನೆಗೆ ಎಲ್ರೂ ದೇವರ ಹತ್ರ ವಾಪಸ್ ಬರಬಹುದು ಅಂದಿದ್ದನಂತೆ. ಆಮೇಲೆ ಬಂದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ, ಇಲ್ಲ ಅದು ಶಾಶ್ವತವೇ ಅಂತ ವಾದ ಮಾಡ್ದ, ಪಶ್ಚಿಮದ ಚರ್ಚಲ್ಲಿ ಅದೇ ನಿಂತ್ಕೊಳ್ತು. 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಡೆದ ಚರ್ಚ್ ಮಹಾಸಭೆ ಒರಿಜೆನ್ ಹೆಸರನ್ನ ಧರ್ಮದ್ರೋಹಿಗಳ ಪಟ್ಟಿಗೇ ಹಾಕ್ತು. ತಮಾಷೆ ಅಂದ್ರೆ ಹೆಚ್ಚುಕಮ್ಮಿ ಅದೇ ತರ ಬರೆದ ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗರಿ ಇವತ್ತಿಗೂ ಸಂತ. ಇನ್ನು 1988ರಲ್ಲಿ ಇಂಗ್ಲೆಂಡಿನ ಜಾನ್ ಸ್ಟಾಟ್, ಬೈಬಲ್ಲೇ ಆಧಾರ ಅನ್ನೋ ಇವ್ಯಾಂಜೆಲಿಕಲ್ ಪ್ರೊಟೆಸ್ಟೆಂಟರಲ್ಲಿ ದೊಡ್ಡ ಹೆಸರು, ನರಳ್ತಾನೇ ಇರೋದಲ್ಲ, ಕೊನೆಗೆ ಇಲ್ಲವಾಗೋದು ಇರಬಹುದು ಅಂತ ಹುಷಾರಾಗಿ ಬರೆದು ಬೈಸ್ಕೊಂಡ್ರು. ಪಾಸ್ಟರ್ ತಾವು ಯಾವ ಕಡೆ ಅಂತ ಕೊನೇವರೆಗೂ ಹೇಳ್ಲಿಲ್ಲ. ಅದು ನಂಗೆ ಸ್ವಲ್ಪ ಕಿರಿಕಿರಿ, ಫೀಸ್ ತಗೊಂಡ ಮೇಲೆ ಒಂದು ಕಡೆ ನಿಂತ್ಕೊಂಡು ಮಾತಾಡ್ಬೇಕಲ್ವಾ.

ಮಿಕ್ಕಿದ್ದು: ಸೊಳ್ಳೆ ಕಾಟ ಜಾಸ್ತಿ, ಮೈಕ್ ಕೊಯ್ ಅನ್ನುತ್ತೆ, ಪಾರ್ಕಿಂಗ್ ಅಂತೂ ಕೇಳ್ಬೇಡಿ, ಆಟೋಲಿ ಹೋಗಿ. ಕಾಫಿ ಚೆನ್ನಾಗಿತ್ತು, ಬನ್ನು ಒಣಕಲು. ನರಕದ ಭಯ ಹುಟ್ಟಿಸಿ ಮತಾಂತರ ಮಾಡ್ತಾರೇನೋ ಅಂತ ಮನೇಲಿ ಕೇಳಿದ್ರು, ಅಂಥದ್ದೇನೂ ಇಲ್ಲ. ರೆಕಾರ್ಡಿಂಗ್ ವಾಟ್ಸಾಪಲ್ಲಿ ಹಾಕ್ತೀವಿ ಅಂದಿದ್ರು, ಇನ್ನೂ ಬಂದಿಲ್ಲ, ಆ ಆಂಟಿ ದಿನಾ ಗ್ರೂಪಲ್ಲಿ ಕೇಳ್ತಿದಾರೆ.