ಏಳು ವರ್ಷದ ಕಾರ್ ಇನ್ಶೂರೆನ್ಸ್, ಒಂದು ತೆಂಗಿನಕಾಯಿ, 750 ರೂಪಾಯಿ

2019ರ ಫೆಬ್ರವರಿಯಲ್ಲಿ ಕಾರು ತಗೊಂಡಾಗ ಇನ್ಶೂರೆನ್ಸ್ ಅನ್ನೋದು ಶೋರೂಮಿನ ಬಿಲ್ಲಿನಲ್ಲಿ ಒಂದು ಸಾಲು ಅಷ್ಟೆ. ಆ ಸಾಲನ್ನು ನೆಟ್ಟಗೆ ಓದಿದ್ದು ನಾಲ್ಕೂವರೆ ವರ್ಷ ಕಳೆದ ಮೇಲೆ, ತಿಪಟೂರಿನ ಹತ್ತಿರ ಅತ್ತೆ ಮನೆಯಲ್ಲಿ ಕಾರಿನ ಮೇಲೆ ತೆಂಗಿನಕಾಯಿ ಬಿದ್ದಾಗ.

ಕಂಪನಿ ಹೆಸರು ಬರೆಯಲ್ಲ. ಅವರೇನೂ ಮೋಸ ಮಾಡಿಲ್ಲ, ನನ್ನ ಸಿಟ್ಟು ಇರೋದೇ ಬೇರೆ ಕಡೆ.

ನನ್ನದು 1197 ಸಿಸಿ ಪೆಟ್ರೋಲ್ ಕಾರು. ತುಮಕೂರಿನಲ್ಲಿ ಆಫೀಸಿಗೆ ಸ್ಕೂಟರ್, ಕಾರು ತೆಗೆಯೋದು ಭಾನುವಾರ, ಹಬ್ಬ, ಮದುವೆಗೆ. ಪ್ರತಿ ಫೆಬ್ರವರಿ ಮೊದಲ ವಾರ ಏಜೆಂಟರ ಫೋನು: "ಸಾರ್, ನಿಮ್ದು ಹದಿನೇಳಕ್ಕೆ ಮುಗಿಯುತ್ತೆ, ನೆನಪೈತಲ್ಲ?" ನೆನಪಿರುತ್ತೆ. ಆದರೂ ಅವರು ಹೇಳಬೇಕು, ನಾನು "ರೇಟ್ ಸ್ವಲ್ಪ ನೋಡಿ" ಅನ್ನಬೇಕು, ಅವರು ಮುನ್ನೂರು ಇಳಿಸಬೇಕು. ದುಡ್ಡು ಹಾಕಿದ ಹತ್ತು ನಿಮಿಷಕ್ಕೆ ಪಿಡಿಎಫ್ ಬರುತ್ತೆ. ಡಿಜಿಲಾಕರ್‌ನಲ್ಲಿ ಸಿಗುತ್ತೆ ಅಂತ ಎಷ್ಟು ಹೇಳಿದರೂ ಅಪ್ಪ ಒಪ್ಪಲ್ಲ. ಎರಡು ಪ್ರಿಂಟ್ ತೆಗೆಸಬೇಕು: ಒಂದು ಬೀರುವಿಗೆ, ಇನ್ನೊಂದು ಕಾರಿನ ಡ್ಯಾಶ್‌ಬೋರ್ಡಿಗೆ, ಗಣಪತಿ ಸ್ಟಿಕ್ಕರ್ ಹಿಂದಿನ ಪ್ಲಾಸ್ಟಿಕ್ ಕವರಿನೊಳಗೆ. ಹಳೆಯದನ್ನು ತೆಗೆದು ಹೊಸದನ್ನು ಸೇರಿಸೋದು ಅಪ್ಪನದೇ ಕೆಲಸ. ಯಾವತ್ತೂ ಒಳಗೇನಿದೆ ಅಂತ ಓದಿದವರಲ್ಲ, ತಾರೀಖು ನೋಡಿ ತಲೆಯಾಡಿಸುತ್ತಾರೆ. ನಾನೂ ಅಷ್ಟೇ ಮಾಡ್ತಿದ್ದೆ.

ಈಗ ಕಾಯಿ ವಿಷಯ. 2023ರ ದಸರಾ ರಜೆ. ಬಿಸಿಲು ಅಂತ ನೆರಳು ನೋಡಿ ನಿಲ್ಲಿಸಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೊರಗೆ ಡಬ್ ಅಂತ ಸದ್ದು. ಬಲಿತ ಕಾಯಿ ಮೊದಲು ಬಾನೆಟ್ಟಿಗೆ ಬಡಿದು, ಅಲ್ಲಿಂದ ಚಿಮ್ಮಿ ಮುಂದಿನ ಗಾಜಿಗೆ ಹೊಡೆದಿತ್ತು. ಗಾಜು ಜೇಡರಬಲೆ. ವೈಪರ್ ಬುಡದ ಪ್ಲಾಸ್ಟಿಕ್ ಪಟ್ಟಿ ಎರಡು ಹೋಳು. ಮಾವ ಬಂದು ನೋಡಿ ಹೇಳಿದ್ದು: "ಅಳಿಯಂದ್ರೇ, ಮರ ನಲವತ್ತು ವರ್ಷದಿಂದ ಅಲ್ಲೇ ಐತೆ. ನೀವೇ ಹೋಗಿ ಅದರ ಕೆಳಗೆ ನಿಲ್ಸಿದ್ದು."

ಕಾಯಿ ಬಿದ್ದರೆ ಇನ್ಶೂರೆನ್ಸ್ ಕೊಡ್ತಾರಾ ಅನ್ನೋ ಅನುಮಾನ ನನಗೂ ಇತ್ತು. ಕೊಡ್ತಾರೆ. ಹೊರಗಿನಿಂದ ಬಂದ ಪೆಟ್ಟು, ಆಕಸ್ಮಿಕ, ಅಷ್ಟು ಸಾಕು. ಆದರೆ ಪಾಲಿಸಿಯಲ್ಲಿ 'ಓನ್ ಡ್ಯಾಮೇಜ್', ಅಂದರೆ ನಮ್ಮ ಕಾರಿಗೇ ಆದ ಹಾನಿಯ ಭಾಗ, ಇರಬೇಕು. ಕಾನೂನು ಕಡ್ಡಾಯ ಮಾಡಿರೋದು ಥರ್ಡ್ ಪಾರ್ಟಿ ಮಾತ್ರ, ಅದು ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ದಂಡ. ಅದೊಂದನ್ನೇ ಮಾಡಿಸಿದವರಿಗೆ ಕಾಯಿ ಬಿದ್ದರೆ ಕಾಯಿಯಷ್ಟೇ ಲಾಭ.

ಕಂಪನಿಯ ಹುಡುಗ ವಿಡಿಯೊ ಕಾಲ್‌ನಲ್ಲಿ ಕಾರಿನ ಸುತ್ತ ತೋರಿಸಲು ಹೇಳಿದ. ಕೊನೆಗೆ, "ಆ ಕಾಯಿ ಎಲ್ಲಿ ಸಾರ್?" ಅತ್ತೆ ಅಷ್ಟೊತ್ತಿಗೆ ಅದನ್ನು ಸುಲಿದು ಚಟ್ನಿಗೆ ಹಾಕಿಯಾಗಿತ್ತು. ಚಿಪ್ಪು ತೋರಿಸಿದೆವು. ಪಾಪ, ನಗು ತಡೆದುಕೊಂಡು ಫೋಟೊ ತಗೊಂಡ.

ವರ್ಕ್‌ಶಾಪಿನ ಬಿಲ್ಲು ಸರಿಯಾಗಿ 15,000. ಗಾಜು 7,800, ಪ್ಲಾಸ್ಟಿಕ್ ಪಟ್ಟಿ 1,600, ಟಿಂಕರಿಂಗ್ 2,500, ಪೇಂಟಿಂಗ್ 2,800, ಗಾಜು ಅಂಟಿಸೋ ಗೋಂದು ಗೀಂದು 300. ಗಾಜಿಗೆ ಸವಕಳಿ ಕಳೆಯೋದೇ ಇಲ್ಲ, ಪೂರಾ 7,800 ಬಂತು. ಇದು ನಿಜಕ್ಕೂ ಖುಷಿ ಕೊಟ್ಟ ವಿಷಯ. ಪ್ಲಾಸ್ಟಿಕ್ಕಿಗೆ ಮಾತ್ರ ಹೊಸ ಕಾರಾದರೂ ಅರ್ಧ ಹೊಡೆಯುತ್ತಾರೆ: 800 ಹೋಯ್ತು. ಪೇಂಟಿಂಗ್ ಬಿಲ್ಲಿನ ಕಾಲು ಭಾಗ ಬಣ್ಣದ ಬೆಲೆ ಅಂತ ಲೆಕ್ಕ ಹಿಡಿದು ಅದರಲ್ಲಿ ಅರ್ಧ, ಅಂದರೆ 350. ಗೋಂದಿನ 300 ಇಲ್ಲ. ನನ್ನ ಪಾಲು ಅಂತ ಕಡ್ಡಾಯವಾಗಿ 1,000. ಕೈಗೆ ಬಂದದ್ದು 12,550. ಝೀರೋ ಡೆಪ್ (ಸವಕಳಿ ಕಳೆಯದ ಹೆಚ್ಚುವರಿ ಕವರ್) ಇದ್ದಿದ್ದರೆ ಇನ್ನೊಂದು 1,150 ಬರ್ತಿತ್ತು, ಅದನ್ನು ಎರಡು ವರ್ಷದ ಹಿಂದೆ ಉಳಿತಾಯ ಅಂತ ನಾನೇ ಬಿಟ್ಟಿದ್ದೆ. ಇರಲಿ. ಆ ದಿನ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟಿರ್ತಿದ್ದೆ.

2024ರ ಫೆಬ್ರವರಿ. ಫೋನು ಬಂತು. "ಸಾರ್, ಈ ಸಲ ಸ್ವಲ್ಪ ಜಾಸ್ತಿ ಆಗುತ್ತೆ."

ನೋ ಕ್ಲೇಮ್ ಬೋನಸ್ಸು ಅಂತೊಂದಿದೆ. ಕ್ಲೇಮ್ ಮಾಡದೆ ಇದ್ದರೆ ವರ್ಷಾ ವರ್ಷ 20, 25, 35, 45, ಕೊನೆಗೆ 50 ಪರ್ಸೆಂಟ್ ರಿಯಾಯಿತಿ. ನನ್ನದು 45ಕ್ಕೆ ಬಂದು ನಿಂತಿತ್ತು, ಆ ಫೆಬ್ರವರಿಗೆ 50 ಆಗಬೇಕಿತ್ತು. ಒಂದು ಕ್ಲೇಮಿಗೆ ಅದು ನೇರ ಸೊನ್ನೆ. ದೊಡ್ಡ ಕ್ಲೇಮು ಚಿಕ್ಕ ಕ್ಲೇಮು ಅನ್ನೋ ಭೇದವಿಲ್ಲ. ಹಾವು ಏಣಿ ಆಟದಲ್ಲಿ ಮೇಲಿನ ಸಾಲಿನ ಹಾವು ನೆನಪಿಸಿಕೊಳ್ಳಿ.

ಅವತ್ತು ರಾತ್ರಿ ಮಗಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಇಲ್ಲದೆ ಸುಮಾರು 8,000. ಅದು ಹಾಗೇ ಇರುತ್ತೆ ಅಂತಿಟ್ಟುಕೊಂಡರೆ, ಮೊದಲ ವರ್ಷ ಕಳೆದುಕೊಂಡಿದ್ದು 4,000, ಆಮೇಲೆ 2,400, 2,000, 1,200, 400. ಮತ್ತೆ 50ಕ್ಕೆ ಹತ್ತುವ ಹೊತ್ತಿಗೆ 10,000. ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 11,800. ಬಂದದ್ದರಲ್ಲಿ ಇದನ್ನು ಕಳೆದರೆ ಉಳಿಯೋದು 750 ರೂಪಾಯಿ. ವರ್ಕ್‌ಶಾಪಿಗೆ ಮೂರು ಸಲ ಓಡಾಡಿದ ಪೆಟ್ರೋಲಿಗೆ, ಅರ್ಧ ದಿನದ ರಜೆಗೆ ಅದು ಸರಿಹೋಯ್ತು.

ಇದನ್ನು ಕ್ಲೇಮ್ ಫಾರಂ ತುಂಬುವಾಗ ಯಾರೂ ಹೇಳಲಿಲ್ಲ. ಏಜೆಂಟರನ್ನು ಕೇಳಿದರೆ, "ನೀವು ಕೇಳ್ಲಿಲ್ವಲ್ಲ ಸಾರ್." ಒಂದು ನಕ್ಷತ್ರ ಅಲ್ಲೇ ಉದುರಿತು. ಇನ್ನರ್ಧ ನಕ್ಷತ್ರ ಹೋಗಿದ್ದು ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆಗೆ. ಅದು ಒಬ್ಬರಿಗೆ ಒಂದಿದ್ದರೆ ಸಾಕು. ನಾನು ಮೂರು ವರ್ಷ ಸ್ಕೂಟರಿಗೂ ಕಾರಿಗೂ ಎರಡೆರಡು ಸಲ ಕಟ್ಟಿದ್ದೇನೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಅವತ್ತೇ ಬಿಟ್ಟುಹೋಯ್ತು. ಬೋನಸ್ಸು ಇಡೀ ಮೊತ್ತಕ್ಕೆ ಸಿಗುತ್ತೆ ಅಂದುಕೊಂಡಿದ್ದೆ. ಸಿಗೋದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಥರ್ಡ್ ಪಾರ್ಟಿ ದರ ಸರ್ಕಾರದ್ದು, ನನ್ನಂಥ 1000ದಿಂದ 1500 ಸಿಸಿ ಕಾರಿಗೆ 2022ರ ಜೂನ್‌ನಿಂದ 3,416. ಅದರಲ್ಲಿ ಚೌಕಾಸಿಯೂ ಇಲ್ಲ, ಬೋನಸ್ಸೂ ಇಲ್ಲ. ಏಜೆಂಟರು ಇಳಿಸ್ತಿದ್ದ ಮುನ್ನೂರು ಎಲ್ಲಿಂದ ಬರ್ತಿತ್ತು ಅಂತ ಆಗ ಗೊತ್ತಾಯ್ತು.

ಹೀಗೆ ಬೈದುಕೊಳ್ಳುವಾಗೆಲ್ಲ ಷಡ್ಡಕರ ಮುಖ ಕಣ್ಮುಂದೆ ಬರುತ್ತೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗಿತ್ತು. ನೀರಿಳಿದ ಮೇಲೆ ಚಾಲೂ ಆಗುತ್ತಾ ನೋಡೋಣ ಅಂತ ಕೀ ತಿರುಗಿಸಿದರು. ಎಂಜಿನ್ನಿಗೆ ನೀರು ಎಳೆದುಕೊಂಡು ಎಲ್ಲ ಮುಗೀತು. ಸೀಟು, ಕಾರ್ಪೆಟ್ಟು, ವೈರಿಂಗ್ ಕ್ಲೇಮ್ ಆಯ್ತು. ಎಂಜಿನ್ನಿಗೆ ದುಡ್ಡು ಬರಲಿಲ್ಲ, ಅದಕ್ಕೆ ಬೇಕಾದ ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ಕವರ್ ಮಾಡಿಸಿರಲಿಲ್ಲ. ಅವರ ಎದುರು ನನ್ನ 750ರ ಪುರಾಣ ತೆಗೆಯೋಕೆ ನಾಚಿಕೆ. ಆದರೂ ಅವರ ಉಳಿದ ಬಿಲ್ಲನ್ನು ಕಂಪನಿ ತಕರಾರಿಲ್ಲದೆ ತುಂಬಿದ್ದನ್ನು ನೋಡಿದ ಮೇಲೆ, ಬರೀ ಥರ್ಡ್ ಪಾರ್ಟಿಗೆ ಇಳಿಯೋ ಯೋಚನೆ ಬಿಟ್ಟೆ. ಇಂಥದ್ದಕ್ಕೇ ಇರೋದು ಇದು, ತೆಂಗಿನಕಾಯಿಗಲ್ಲ.

ಹಾಗಾಗಿ ಮೂರೂವರೆ ಸ್ಟಾರ್. ಈಗ ಬೋನಸ್ 25 ಪರ್ಸೆಂಟಿಗೆ ಬಂದಿದೆ. ಎಂಜಿನ್ ಪ್ರೊಟೆಕ್ಟ್ ಸೇರಿಸಿದ್ದೇನೆ, ಕ್ಲೇಮ್ ಮಾಡಿದರೂ ನೋ ಕ್ಲೇಮ್ ಬೋನಸ್ಸು ಉಳಿಸೋ ಎನ್‌ಸಿಬಿ ಪ್ರೊಟೆಕ್ಟ್ ಕೇಳಿ ರೇಟು ನೋಡಿ ಬಿಟ್ಟಿದ್ದೇನೆ. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿಸೋ ನನಗೆ ಅದು ದುಬಾರಿ. ಕಾರು ಮಾರಿದರೂ ಬೋನಸ್ಸು ನಮ್ಮದೇ, ಕಾರಿನ ಜೊತೆ ಹೋಗಲ್ಲ ಅಂತ ಏಜೆಂಟರಿಂದಲೇ ಬಾಯಿ ಬಿಡಿಸಿದ್ದೇನೆ. ಈಗ ನಾನು ಕೇಳ್ತೀನಲ್ಲ.

ಸಂಕ್ರಾಂತಿಗೆ ಅತ್ತೆ ಮನೆಗೆ ಹೋದಾಗ ಮರ ಬಿಟ್ಟು ದೂರ, ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿದೆ. ಬೆಳಗ್ಗೆ ನೋಡಿದರೆ ಎಡಗಡೆ ಬಾಗಿಲಿಗೆ ಹಸು ಕೊಂಬು ತಿಕ್ಕಿ ಉದ್ದಕ್ಕೂ ಗೀರು. ಮಾವ ಬಾಯಿ ತೆರೆಯೋ ಮೊದಲೇ ತಿಪಟೂರಿನ ಟಿಂಕರಿಂಗ್ ಅಂಗಡಿಗೆ ಹೋಗಿ, ಕೈಯಿಂದ 1,800 ಕೊಟ್ಟು ಬಂದೆ. ಕಂಪನಿಗೆ ಫೋನ್ ಮಾಡಲಿಲ್ಲ.